ಮುಚ್ಚಿದ ಕಡತ ಮತ್ತು ಮೂವತ್ತೊಂದನೆಯ ಬಾವಿ

ಮರಡಿಹಾಳ,
9ನೇ ಮಾರ್ಚ್ 2205

ಮಾನ್ಯ ಗೌರಾ ಹಡಪದ ಅವರಿಗೆ,

ಮೇಲಿನ ತಾರೀಕು ಕೈತಪ್ಪಿ ಬರೆದದ್ದಲ್ಲ. ನಿಮ್ಮ 2037ನೇ ಇಸವಿಗೆ ನಾನು ನೂರ ಅರವತ್ತೆಂಟು ವರ್ಷ ಆಚೆಯಿಂದ ಬರೆಯುತ್ತಿದ್ದೇನೆ. ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಟಿಪ್ಪಣಿಯಲ್ಲಿದ್ದ ‘ಝೆರಾಕ್ಸ್’ ಎಂದರೇನೆಂದು ತಿಳಿಯಲು ನನಗೂ ಅರ್ಧ ದಿನ ಹಿಡಿಯಿತು.

ನನ್ನ ಹೆಸರು ಮೆಹಬೂಬಿ ನದಾಫ್. ನೀವು ಕೆಲಸ ಮಾಡುವ ವಿಶ್ವವಿದ್ಯಾಲಯದಲ್ಲೇ ನಾನು ಕಣಜಗಾರ್ತಿ. ನಮ್ಮ ಕಣಜ ಕಾಳಿನದಲ್ಲ. ಸಂಶೋಧಕರು ಅಳೆದದ್ದು, ಎಣಿಸಿದ್ದು, ಜನರನ್ನು ಕೇಳಿ ಬರೆದುಕೊಂಡದ್ದು ಎಲ್ಲವನ್ನೂ ಇಟ್ಟಿರುವ ಕಟ್ಟಡ. ಕಾಯುವುದು ನನ್ನ ಅರ್ಧ ಕೆಲಸ, ಕೇಳಿ ಬಂದವರಿಗೆ ತೆಗೆದುಕೊಡುವುದು ಇನ್ನರ್ಧ. ದಿನಾ ಬೆಳಿಗ್ಗೆ ನಲವತ್ತು ಹಳೆಯ ಕಡತ ತೆರೆದು, ಓದಲು ಬರುತ್ತವೆಯೇ ನೋಡಿ, ಹೊಸ ಪ್ರತಿ ಮಾಡಿ ಮುಚ್ಚುತ್ತೇನೆ. ನಿಮ್ಮ ಕಾಲದ ಎಷ್ಟೋ ಕಡತಗಳು ತೆರೆಯುವುದೇ ಇಲ್ಲ. ತೆರೆದುಕೊಂಡರೂ ಅಂಕಿಗಳ ತಲೆಯ ಮೇಲೆ ಬರೆದವರಿಗಷ್ಟೇ ಗೊತ್ತಿದ್ದ ಎರಡಕ್ಷರದ ಗುರುತುಗಳು. ನಿಮ್ಮದು ಸಾದಾ ಪಟ್ಟಿ, ಜೊತೆಗೆ ಯಾವ ಕಾಲಂನಲ್ಲಿ ಏನಿದೆ ಎಂದು ಕನ್ನಡದಲ್ಲಿ ಬರೆದ ಆರು ಪುಟ. ಅದನ್ನು ಓದಲು ನಾನು ಯಾರನ್ನೂ ಕೇಳಬೇಕಾಗಲಿಲ್ಲ.

2024ರಿಂದ ಮೂರು ವರ್ಷ ನೀವು ಮರಡಿಹಾಳದ ಐವತ್ತೆರಡು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅಳೆದಿರಿ. ಆ ನೀರು ಕುಡಿದು ಹಲ್ಲು ಕಂದಿದ, ಕಾಲು ಸೊಟ್ಟಗಾದ ನಾನೂರ ಹನ್ನೆರಡು ಮಕ್ಕಳನ್ನು ನೋಡಿದಿರಿ. ಮುಂದೆ ಆ ಊರು ಖಾಲಿಯಾಯಿತು, ಮನೆಗಳೂ ನೆಲಸಮವಾದವು. ಹತ್ತು ವರ್ಷದ ಹಿಂದೆ ಮುನ್ನೂರು ಕುಟುಂಬಗಳು ಮರಳಿ ಬಂದು ಅಲ್ಲೇ ನೆಲೆ ನಿಂತಿವೆ. ಅವರಿಗೆ ನದಿಯಿಂದ ಬರುತ್ತಿದ್ದ ನೀರು ಈ ಬೇಸಿಗೆಗೆ ನಿಲ್ಲುವುದಿತ್ತು, ಬಾವಿ ಬೇಕಿತ್ತು. ನಮ್ಮಲ್ಲಿ ಕೊರೆಯುವ ಯಂತ್ರ ಒಂದೂರಿಗೆ ಆರು ವರ್ಷಕ್ಕೊಮ್ಮೆ ಬರುತ್ತದೆ, ಒಂದೇ ಬಾವಿ ಕೊರೆದು ಹೋಗುತ್ತದೆ. ನೆಲದಡಿ ನೀರು ಎಲ್ಲಿದೆ ಎಂದು ಅದು ಹೇಳಬಲ್ಲದು, ಆ ನೀರಿನಲ್ಲಿ ಏನು ಕರಗಿದೆ ಎಂದು ಹೇಳಲಾರದು. ಹಳೆಯ ಶಾಲೆಯ ಬಳಿ ನೀರು ಹೇರಳ ಎಂದು ತಿಳಿದು ಊರವರು ಅಲ್ಲಿಯೇ ಗುರುತು ಹಾಕಿದ್ದರು.

ಊರಿನ ನೀರು ನೋಡಿಕೊಳ್ಳುವ ಐದು ಜನರ ಸಭೆಗೆ ನೀರ್ಕೂಟವೆನ್ನುತ್ತೇವೆ. ಅದರ ಹಿರಿಯ ಈರಣ್ಣ ತಳವಾರ ಜನವರಿಯಲ್ಲಿ ಕಣಜಕ್ಕೆ ಬಂದರು. ನಿಮ್ಮ ಪಟ್ಟಿ ತೆಗೆದುಕೊಟ್ಟೆ. ಏಳನೆಯ ಬಾವಿ ಲೀಟರಿಗೆ 6.2 ಮಿಲಿಗ್ರಾಂ, ಯಾರೂ ಕುಡಿಯಬಾರದಂಥದ್ದು. ಮೂವತ್ತೊಂದನೆಯದು 0.7, ಮಕ್ಕಳಿಗೂ ಕೊಡಬಹುದಾದದ್ದು. ಆದರೆ ಬಾವಿಗಳಿಗೆ ನಂಬರು ಮಾತ್ರ ಇತ್ತು.

“ಏಳ ಎಲ್ಲಿ, ಮೂವತ್ತೊಂದ ಎಲ್ಲಿ?” ಎಂದರು ಈರಣ್ಣ. “ಬರೇ ನಂಬರ್ ತಗೊಂಡ್ ನಾ ಏನ್ ಮಾಡ್ಲಿ, ಅಕ್ಕಾರ?”

ಜಾಗಗಳಿದ್ದದ್ದು ನೀವು ಮುಚ್ಚಿಟ್ಟ ಎರಡನೆಯ ಕಡತದಲ್ಲಿ. ಶಾಲೆಯ ಗೇಟಿನಿಂದ ಮೂಡಣಕ್ಕೆ ಇಷ್ಟು ಹೆಜ್ಜೆ, ಇಂಥವರ ಮನೆಯ ಹಿಂದೆ, ಆ ಮನೆಯಲ್ಲಿ ಇಂಥ ಹೆಸರಿನ ಮಗು, ಅದರ ಮೊಣಕಾಲು ಹೀಗಿದೆ ಎಂದು ಎಲ್ಲವೂ ಒಂದೇ ಸಾಲಿನಲ್ಲಿ. ಹೆಸರನ್ನಾಗಲಿ ಮನೆತನವನ್ನಾಗಲಿ ಯಾರಿಗೂ ತಿಳಿಸುವುದಿಲ್ಲ ಎಂಬ ಒಪ್ಪಿಗೆ ಪತ್ರಗಳೂ ಅಲ್ಲೇ ಇದ್ದವು, ತಾಯಂದಿರ ಹೆಬ್ಬೆಟ್ಟು ಸಮೇತ.

ಇಷ್ಟು ವರ್ಷದ ಮೇಲೂ ಆ ಮಾತಿಗೆ ಬೆಲೆಯಿದೆ. ನಮ್ಮ ಕಾಲದಲ್ಲಿ ಮೈಚೀಟಿ ಎಂಬುದೊಂದಿದೆ, ಮನೆತನದ ಕಾಯಿಲೆಗಳನ್ನು ಏಳು ತಲೆಮಾರಿನವರೆಗೆ ಬರೆದಿಡುವ ಚೀಟಿ. ಕೆಲಸಕ್ಕೂ ಮದುವೆಗೂ ಅದನ್ನೇ ಕೇಳುತ್ತಾರೆ. ನೀರಿನಿಂದ ಬಂದ ಕಾಯಿಲೆ ರಕ್ತದಲ್ಲಿ ಇಳಿದು ಬರುವುದಿಲ್ಲ ಎಂದು ಯೋಚಿಸುವ ವ್ಯವಧಾನ ಆ ಚೀಟಿ ನೋಡುವವರಿಗೆ ಇರುವುದಿಲ್ಲ.

“ಊರ ನೀರಿನ ಪ್ರಶ್ನೆ ಐತ್ರಿ,” ಎಂದರು ಈರಣ್ಣ, ನಾನು ಇದನ್ನೆಲ್ಲ ಹೇಳಿದ ಮೇಲೆ. “ಯಾವಾಗೋ ಸತ್ತವ್ರ ಹೆಸರಿಗೆ ಈಗೇನ್ ಆಗ್ತೈತಿ? ಪೂರಾ ಕಡತ ಕೊಟ್ಟಬಿಡ್ರಿ.”

“ಜಾಗ ಕೊಡ್ತೀನ್ರಿ. ಹೆಸರು ಕೊಡೂದಿಲ್ಲ.”

“ಯಂತ್ರ ಬರಾಕ ಹದಿನೈದ ದಿನ ಉಳದೈತಿ.”

“ನನಗ ಒಂಬತ್ತ ದಿನ ಸಾಕು.”

ಹೇಳಿದ್ದು ಧೈರ್ಯದಿಂದ. ಅವರು ಹೋದ ಮೇಲೆ ಕಡತ ಮುಂದಿಟ್ಟುಕೊಂಡು ಕೂತೆ. ಮುಚ್ಚಿದ ಕಡತವನ್ನು ಕಣಜಗಾರ್ತಿ ಮಾತ್ರ ತೆರೆಯಬಹುದು, ಆದ್ದರಿಂದ ಸಹಾಯಕ್ಕೆ ಯಾರನ್ನೂ ಕರೆಯುವಂತಿರಲಿಲ್ಲ. ಹೆಜ್ಜೆಗಳನ್ನು ಅಡಿಗೆ ತಿರುಗಿಸಿ, ನಿಮ್ಮ ಕಾಲದ ನಕ್ಷೆಯ ಮೇಲೆ ಒಂದೊಂದೇ ಬಾವಿಯನ್ನು ಕೂರಿಸುತ್ತ ಹೋದೆ. ಮೂರನೆಯ ದಿನ ಕಣ್ಣು ಉರಿಯತೊಡಗಿ, ಎಲ್ಲ ಕೊಟ್ಟು ಕೈತೊಳೆದುಕೊಂಡರೆ ಯಾರು ಕೇಳುತ್ತಾರೆ ಎನಿಸಿದ್ದೂ ಉಂಟು. ಐದನೆಯ ದಿನ ತಳವಾರ ಎಂಬ ಮನೆತನ ಬಂತು. ಏಳು ವರ್ಷದ ಹುಡುಗಿ, ಎರಡೂ ಮೊಣಕಾಲು ಒಳಕ್ಕೆ ಬಾಗಿವೆ ಎಂದು ಬರೆದಿದ್ದಿರಿ. ಆ ಮನೆಯ ಬಾವಿಯನ್ನು ನಕ್ಷೆಯಲ್ಲಿ ಗುರುತಿಸಿ ಮುಂದಿನ ಸಾಲಿಗೆ ಹೋದೆ. ಆಮೇಲೆ ಎಲ್ಲವನ್ನೂ ಕೊಟ್ಟುಬಿಡುವ ಯೋಚನೆ ಮತ್ತೆ ಬರಲಿಲ್ಲ.

ಹತ್ತನೆಯ ದಿನ ನಕ್ಷೆ ಕೈಗಿಟ್ಟೆ. ಏಳನೆಯ ಬಾವಿ ಇದ್ದದ್ದು ಶಾಲೆಯ ಬಳಿಯೇ, ಊರವರು ಗುರುತು ಹಾಕಿದ್ದಲ್ಲಿಂದ ಹದಿನಾಲ್ಕು ಅಡಿ ಆಚೆ. ಈರಣ್ಣ ಬಹಳ ಹೊತ್ತು ನೋಡಿದರು.

“ಇಷ್ಟು ಹಳೇ ಅಂಕಿ ಹೆಂಗ ನಂಬೂದ್ರಿ?”

ನಾನು ವಾದ ಮಾಡಲಿಲ್ಲ. 2025ರ ಆಗಸ್ಟ್ ತಿಂಗಳಲ್ಲಿ ನೀವು ಬರೆದದ್ದನ್ನು ತೋರಿಸಿದೆ: ‘ಜ್ವರವಿತ್ತು, ಊರಿಗೆ ಹೋಗಲಿಲ್ಲ. ಅಂದಾಜಿನಲ್ಲಿ ತುಂಬಿಲ್ಲ, ಖಾಲಿ ಬಿಟ್ಟಿದ್ದೇನೆ.’

ಅವರು ಎರಡು ಸಲ ಓದಿದರು. “ಸುಳ್ಳ ಬರಿಯೋರಾಗಿದ್ರ ಇದನ್ನ ತುಂಬಿಬಿಡ್ತಿದ್ರು,” ಎಂದು ನಕ್ಷೆ ಮಡಚಿಕೊಂಡರು. ಬಾಗಿಲವರೆಗೆ ಹೋಗಿ ನಿಂತರು.

“ಅಕ್ಕಾರ, ನಮ್ಮ ಮನಿತನದ ಹೆಸರು ಐತೇನ್ರಿ ಅದರಾಗ?”

“ಅದನ್ನ ಕೇಳಬ್ಯಾಡ್ರಿ, ಈರಣ್ಣಾರ.”

“ನಮ್ಮ ಹಿರ್ಯಾರೊಳಗ ಒಬ್ಬಾಕಿ ಕೋಲ್ ಹಿಡಕೊಂಡ ನಡೀತಿದ್ಲಂತ. ಬಿದ್ದು ಹಂಗಾತು ಅಂತ ಹೇಳ್ಕೋತ ಬಂದೀವಿ.” ನಕ್ಷೆಯನ್ನು ಜೇಬಿಗೆ ಸೇರಿಸಿದರು. “ನನಗ ಮಗಳ ಮದಿವಿ ಐತ್ರಿ ಈ ವರ್ಷ. ಹೆಸರು ಕೊಡದಿದ್ದದ್ದ ಚಲೋ ಆತು.”

ಫೆಬ್ರುವರಿಯಲ್ಲಿ ನಿಮ್ಮ ಮೂವತ್ತೊಂದನೆಯ ಬಾವಿಯ ಜಾಗದಲ್ಲೇ ಕೊರೆದರು. ಮುನ್ನೂರ ಹತ್ತು ಅಡಿಗೆ ನೀರು ಬಂತು. ಅಳೆದರೆ 0.8. ಇಂದು ಮಧ್ಯಾಹ್ನ ಮನೆಮನೆಗೆ ಬಿಟ್ಟರು, ನನ್ನನ್ನೂ ಕರೆದಿದ್ದರು. ಈರಣ್ಣನವರ ಮಗಳು ಮೊದಲ ತಂಬಿಗೆ ನೀರು ತಂದುಕೊಟ್ಟಳು. ಕುಡಿದೆ. ಅಷ್ಟೇನೂ ರುಚಿಯಿರಲಿಲ್ಲ, ನೀರಿನ ಹಾಗೆಯೇ ಇತ್ತು.

ಇನ್ನು ನನ್ನ ಕೋರಿಕೆ. ನಿಮ್ಮ ಕಡತದ ಮೊದಲ ಪುಟದಲ್ಲಿ ‘ಎಷ್ಟು ವರ್ಷ ಇಡಬೇಕು’ ಎಂಬ ಪ್ರಶ್ನೆಯಿದೆ. ಎದುರಿಗೆ ‘ಹತ್ತು ವರ್ಷ, ನಂತರ ನಾಶಪಡಿಸಬಹುದು’ ಎಂದು ಅಚ್ಚಾಗಿದೆ. 2037ರಲ್ಲಿ ಯಾರೋ ಆ ಸಾಲನ್ನು ಹಸಿರು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ‘ಇರಲಿ’ ಎಂದು ಬರೆದಿದ್ದಾರೆ. ರುಜುವಿಲ್ಲ. ನಿಮ್ಮ ಅಕ್ಷರ ನನಗೀಗ ಚೆನ್ನಾಗಿ ಗೊತ್ತು, ಅದು ನಿಮ್ಮದಲ್ಲ. ಅವರು ನಿಮ್ಮ ಕಟ್ಟಡದಲ್ಲೇ ಎಲ್ಲೋ ಕೂತಿರಬೇಕು. ದಯಮಾಡಿ ಹುಡುಕಿ, ಅವರ ಹೆಸರನ್ನು ಅದೇ ಪುಟದ ಕೆಳಗೆ ಬರೆದಿಡಿ. ಬರೆಯಬಹುದೇ ಎಂದು ಮೊದಲು ಅವರನ್ನು ಕೇಳಿ.

ನಾಳೆ ಬೆಳಿಗ್ಗೆ ಕಣಜ ತೆರೆದ ಕೂಡಲೇ ಆ ಪುಟ ನೋಡುತ್ತೇನೆ.

ನಿಮ್ಮ,
ಮೆಹಬೂಬಿ ನದಾಫ್