ನೀಲಕ್ಕ ಒಡೆಯಲಿರುವ ಗೋಡೆ

ವಿಜಯಪುರ
ಸನ್ 2187, ಎರಡನೇ ಬೇಸಿಗೆಯ ಹನ್ನೊಂದನೇ ದಿನ, ನೆರಳುಹೊತ್ತು

ಪ್ರೀತಿಯ ನೀಲಾಂಬಿಕಾ ಅಕ್ಕ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ಬೆಳಗಿನ ಹನ್ನೊಂದರಿಂದ ಸಂಜೆ ಐದರವರೆಗೆ ಯಾರೂ ಬಿಸಿಲಿಗಿಳಿಯಬಾರದೆಂದು ಕಾಯಿದೆ ಇದೆ. ಆ ಸಮಯವೇ ನೆರಳುಹೊತ್ತು. ಈ ಕಾಗದ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಎಲ್ಲರೂ ತಮ್ಮ ಮುತ್ತಜ್ಜಿಗೋ ಮುತ್ತಜ್ಜನಿಗೋ ಬರೆಯುತ್ತಾರೆ. ನಿಮ್ಮ ಹೆಸರು ಹೇಳಿದ್ದಕ್ಕೆ ಅಂಚೆಯವಳು, "ಅವರು ನಿಮಗ ಏನಾಗಬೇಕ್ರೀ?" ಎಂದಳು. ಏನೂ ಆಗಬೇಕಿಲ್ಲ. ನೀವು ನಕ್ಷೆ ಬರೆದು ಕಟ್ಟಿಸಿದ ಹೆರಿಗೆ ಆಸ್ಪತ್ರೆಯಲ್ಲಿ ಕೂತಿದ್ದೇನೆ, ಒಳಗೆ ಮಗಳು ಶಾಂಭವಿ ನೋವು ತಿನ್ನುತ್ತಿದ್ದಾಳೆ, ನನ್ನ ಕೈ ಸುಮ್ಮನಿರುವುದಿಲ್ಲ. ನನ್ನ ಕನ್ನಡ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಟಿಪ್ಪಣಿ ಪುಸ್ತಕ ಇಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ. ಈ ಕಾಗದ ನಿಮ್ಮ ಕೈ ಸೇರುವ ದಿನ ನೀವು ಬರೆದದ್ದು ನನಗೆ ಬಾಯಿಪಾಠ. ಉದ್ಘಾಟನೆಯಾಗಿ ಮೂರು ದಿನ. ಪಡುವಣ ದಿಕ್ಕಿನ ಆ ಉದ್ದನೆಯ ಕಲ್ಲಿನ ಗೋಡೆಯನ್ನು ಪತ್ರಿಕೆಯವರೆಲ್ಲ ಹೊಗಳಿದ್ದರು. ಇವತ್ತು ಹೋಗಿ ನೋಡಿದರೆ ಅದೇ ಗೋಡೆಯ ಹೊರಗೆ ಹೆಂಗಸರು ಕೌದಿ, ಗಂಟು, ಬಾಣಂತಿಗೆಂದು ಮಾಡಿದ ಅಳ್ವಿ ಪಾಯಸದ ಡಬ್ಬಿ ಇಟ್ಟುಕೊಂಡು ಬಿಸಿಲಲ್ಲಿ ಕೂತಿದ್ದರು. ಒಬ್ಬ ಮುದುಕಿ ಕೇಳಿದಳು: "ಯವ್ವಾ, ದವಾಖಾನಿ ಭಾಳ ಛಲೋ ಕಟ್ಟೀದಿ. ಹಡಿಯಾಕಿಯ ಅವ್ವ ಎಲ್ಲಿ ಕುಂದರಬೇಕು?" ನೀವು ಹಾಸಿಗೆ ಎಣಿಸಿದಿರಿ, ವೈದ್ಯರನ್ನು ಎಣಿಸಿದಿರಿ, ಗಾಡಿಗಳಿಗೂ ಜಾಗ ಬಿಟ್ಟಿರಿ. ಚೊಚ್ಚಲ ಹೆರಿಗೆಗೆ ಹೆಣ್ಣು ಒಬ್ಬಳೇ ಬರುವ ಊರೇ ಇದು? ಇದೇ ಊರಿನ ಮಗಳಾಗಿ ಮರೆತಿರಲ್ಲ! ಮನೆಗೆ ಬಂದು, "ನಾಳೆಯಿಂದ ನಾನು ಏನನ್ನೂ ಕಟ್ಟುವುದಿಲ್ಲ" ಎಂದು ಬರೆದು ಪುಸ್ತಕ ಮುಚ್ಚಿದಿರಿ. ಎಂಥ ಹಠಮಾರಿ ಹೆಂಗಸಪ್ಪಾ! ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ?

ಮುಂದಿನ ಹಾಳೆ ಹರಿದಿದೆ. ಅದರಾಚೆಯದರಲ್ಲಿ ಗೋಡೆ ಒಡೆಯುವ ನಕ್ಷೆ ಇದೆ. ನಡುವೆ ನಿಮ್ಮ ಮನಸ್ಸನ್ನು ಯಾರು ತಿರುಗಿಸಿದರೋ ಗೊತ್ತಿಲ್ಲ. ಯಾರೂ ತಿರುಗಿಸದಿದ್ದರೆ ಎಂಬ ಭಯಕ್ಕೆ ಬರೆಯುತ್ತಿದ್ದೇನೆ.

ನೀವು ಆ ಗೋಡೆ ಒಡೆಸಿ ಪಡಸಾಲೆ ಮಾಡುತ್ತೀರಿ, ಹೆರಿಗೆ ಕೋಣೆಯ ಮಾತು ಕೇಳುವ ಹಾಗೆ ಕಿಟಕಿ ಇಡುತ್ತೀರಿ. ಆಮೇಲಿನ ಮೂವತ್ತು ವರ್ಷ ಕಾಗದದ ನಕ್ಷೆಗಿಂತ ಮೊದಲು ನೆಲದ ಮೇಲೇ ಸುಣ್ಣದ ಪುಡಿಯಲ್ಲಿ ಕಟ್ಟಡದ ಗೆರೆ ಎಳೆದು, ಬಳಸುವವರನ್ನು ಕರೆದು, ಒಂದಿಡೀ ದಿನ ಅದರೊಳಗೆ ಇರಿಸುತ್ತೀರಿ. ಇಂಡಿ ಊರಿನ ಸಂತೆಕಟ್ಟೆಗೆ ಎಳೆದ ಗೆರೆಯನ್ನು ಹೂ ಮಾರುವವರು ಕಾಲಲ್ಲೇ ಒರೆಸಿ ತಮ್ಮದನ್ನು ಎಳೆಯುತ್ತಾರೆ. ನೀವು ಹೊಟ್ಟೆ ಹುಣ್ಣಾಗುವಂತೆ ನಕ್ಕು ಅದನ್ನೇ ಕಟ್ಟುತ್ತೀರಿ. ಮುಪ್ಪಿನಲ್ಲಿ ವಿದ್ಯಾರ್ಥಿಗಳಿಗೆ ನೀವು ಹೇಳುವುದು ಇಷ್ಟೇ: "ಮೊದ್ಲ ಯಾರು ಎಲ್ಲಿ ಕುಂದರ್ತಾರ ಕೇಳ್ರಿ. ಗ್ವಾಡಿ ಆಮ್ಯಾಲ."

ಈಗ ಹೆರಿಗೆ ಮಾಡಿಸುವುದು ಯಂತ್ರ. ಊರಿಗೆ ಅಳೆದು ಹಂಚುವ ತಣ್ಣನೆಯ ಗಾಳಿಗೆ ತಂಪುಪಾಲು ಎನ್ನುತ್ತೇವೆ. ಅದು ಈ ಪಡಸಾಲೆಯಿಂದ ಸೋರುತ್ತದೆಂದು ಆಡಳಿತದವರು ಮೂರು ಸಲ ಇದನ್ನು ಮುಚ್ಚಲು ಬಂದರು. ಮೂರು ಸಲವೂ ಹೆಂಗಸರು ಗಂಟುಮೂಟೆ ತಂದು ಕೂತು ಏಳಲಿಲ್ಲ. ಮೂರನೇ ಸಲ ನಾನೂ ಇದ್ದೆ, ಸೊಂಟ ಹಿಡಿದುಕೊಂಡಿತು, ಆದರೂ ಏಳಲಿಲ್ಲ.

ನಿಮ್ಮನ್ನು ಕಂಡಿಲ್ಲ, ಆದರೂ ನಿಮ್ಮ ಮೇಲೆ ನನಗೆ ಒಡಹುಟ್ಟಿದವಳ ಮೇಲಿರುವಷ್ಟು ಅಕ್ಕರೆ. ಅತ್ತು ಮುಗಿಸಿ, ಮುಖ ತೊಳೆದು, ಬೆಳಗಾದ ಕೂಡಲೇ ಗೌಂಡಿಯನ್ನು ಕರೆದುಕೊಂಡು ಹೋಗಿ ಅಕ್ಕ.

ಶಾಂಭವಿ "ಅವ್ವಾ" ಎಂದು ಕೂಗಿದಳು. "ಇಲ್ಲೇ ಅದೀನವ್ವಾ" ಎಂದೆ. ಅವಳಿಗೆ ಕೇಳಿಸಿತು.

ನಿಮ್ಮ,
ಕಾಶೀಬಾಯಿ ಬಿರಾದಾರ