ಏಣಿ ಹತ್ತುವ ಮೊದಲು

ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಡುಮ್ಮನಿಗೆ,

ಸರಿಯಾದ ಒಂದು ಪತ್ರ ಬರೆಯದೆ ಮೂರು ತಿಂಗಳಾಯಿತು. ಬೇಕಾದಷ್ಟು ಬೈದುಕೋ, ಆದರೆ ಕೊನೆಯವರೆಗೂ ಓದು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅಂಗಡಿಯ ಬಾಗಿಲು ಹಾಕಿಕೊಂಡು ಗಿರಾಕಿಗಳ ಕುರ್ಚಿಯಲ್ಲೇ ಕೂತಿದ್ದೇನೆ. ನಿನ್ನನ್ನು ಇನ್ನೂ ಡುಮ್ಮ ಎನ್ನುತ್ತೇನೆ, ನೋಡು. ಶಾಲೆಯಲ್ಲಿ ನಾವಿಬ್ಬರು ಕೂತರೆ ಬೆಂಚಿನಲ್ಲಿ ಮೂರನೆಯವನಿಗೆ ಜಾಗವಿರುತ್ತಿರಲಿಲ್ಲ. ಈಗ ನನ್ನ ಹಳೇ ಪ್ಯಾಂಟಿನೊಳಗೆ ನಾವಿಬ್ಬರೂ ಒಟ್ಟಿಗೆ ತೂರಬಹುದು.

ಹೋದ ವರ್ಷ ಇದೇ ಕುರ್ಚಿಯಲ್ಲಿ ನಿನಗೆ ಕ್ಷೌರ ಮಾಡುತ್ತಾ ಕೊಚ್ಚಿಕೊಂಡದ್ದು ನೆನಪಿದೆಯೇ? ತೂಕ ಇಳಿಸುವ ಆಪರೇಷನ್ ಆಗಿ ಆಗ ನಿನಗೆ ಒಂದು ವರ್ಷ, ನನಗೆ ಎರಡು. "ಆ ಮಾತ್ರೆ, ಇಂಜೆಕ್ಷನ್ ಎಲ್ಲ ಸುಮ್ನೆ ಕಣೋ. ನಾನು ಆರೇ ತಿಂಗಳಿಗೆ ಬಿಟ್ಟೆ. ನೋಡು, ಗುಂಡುಕಲ್ಲಿನ ಹಾಗಿದ್ದೀನಿ" ಎಂದೆ. ನೀನು ಡಾಕ್ಟರ ಮಾತಿಗಿಂತ ನನ್ನ ಮಾತಿಗೆ ಬೆಲೆ ಕೊಟ್ಟೆ. ಮನೆಗೆ ಹೋಗಿ ಮಾತ್ರೆಗಳನ್ನು ಎಸೆದೆ.

ಆ ಮಾತು ತಪ್ಪು. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ. ನವೆಂಬರಿನಲ್ಲಿ ನಮ್ಮ ನಿವೃತ್ತ ಹೆಡ್ಮಾಸ್ಟರರಿಗೆ ಶೇವ್ ಮಾಡುತ್ತಿದ್ದೆ. "ಏನಪ್ಪಾ, ಇವತ್ತು ಕಿವೀನೂ ತೆಗೀತಿದ್ದೀಯಾ?" ಎಂದರು. ನೋಡಿದರೆ ಟವೆಲಿನ ತುಂಬ ರಕ್ತ. ಕತ್ತಿ ನನ್ನ ಬೆರಳುಗಳ ನಡುವೆ ಹೊರಳಿದ್ದೇ ನನಗೆ ಗೊತ್ತಾಗಿರಲಿಲ್ಲ. ಬೆರಳ ತುದಿಗಳು ಜೋಮು ಹಿಡಿದು ಎಷ್ಟೋ ದಿನವಾಗಿತ್ತು. ಸೋಪಿನ ನೀರಿಗೆ ಹಾಗಾಗಿದೆ ಅಂದುಕೊಂಡಿದ್ದೆ.

ರಕ್ತ ಪರೀಕ್ಷೆಯ ವರದಿ ನೋಡಿದ ಡಾಕ್ಟರು, "ಮಾತ್ರೆ ನಿಲ್ಲಿಸಿ ಅಂತ ಯಾರು ಹೇಳಿದ್ರು?" ಎಂದು ಕೇಳಿದರು. ಈ ಆಪರೇಷನ್ ಆದವರ ಹೊಟ್ಟೆ ಊಟದಲ್ಲಿರುವ ಬಿ-12 ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲವಂತೆ. ಮೈಯಲ್ಲಿ ಮೊದಲಿದ್ದದ್ದು ಖರ್ಚಾದ ಮೇಲೆ ನರಗಳು ಸೊರಗುತ್ತವಂತೆ. "ಬೇಗ ಬಂದಿದ್ರೆ ಪೂರ್ತಿ ವಾಸಿ ಆಗ್ತಿತ್ತೇನೋ. ಈಗ ಎಷ್ಟು ವಾಪಸ್ ಬರುತ್ತೋ ಹೇಳೋಕಾಗಲ್ಲ" ಎಂದರು. ಟೀ ಬಿಸ್ಕತ್ತಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದುದಕ್ಕೂ ಬೈದರು. ಈಗ ಹೆಂಡತಿ ತಟ್ಟೆಗೆ ಮೊದಲು ಮೊಟ್ಟೆ, ಬೇಳೆ ಬಡಿಸಿ ಎದುರಿಗೇ ಕೂರುತ್ತಾಳೆ. ಅದು ಮುಗಿದ ಮೇಲೆಯೇ ಮಿಕ್ಕದ್ದು. ಅಂಗಡಿಯಲ್ಲಿ ಕತ್ತರಿ ಮಾತ್ರ ಹಿಡಿಯುತ್ತೇನೆ. ಕತ್ತಿ ಮುಟ್ಟಲು ಭಯ.

ನೀನು ಬಣ್ಣ ಬಳಿಯುವವನು, ಎರಡು ಮಹಡಿ ಎತ್ತರದ ಏಣಿಯ ಮೇಲೆ ನಿಲ್ಲುವವನು. ಈ ಪತ್ರ ಸಿಕ್ಕಿದ ದಿನವೇ ಹೋಗಿ ರಕ್ತ ಪರೀಕ್ಷೆ ಮಾಡಿಸು. ಡಾಕ್ಟರು ಸರಿ ಎನ್ನುವವರೆಗೆ ಏಣಿ ಹತ್ತಬೇಡ, ಕೈಗೆಟುಕುವ ಗೋಡೆಗಳನ್ನಷ್ಟೇ ನೋಡಿಕೋ. ಮಾತ್ರೆ ಯಾಕೆ ಬಿಟ್ಟೆ ಎಂದು ಕೇಳಿದರೆ, ಒಬ್ಬ ಮುಠ್ಠಾಳ ಕ್ಷೌರದವನ ಮಾತು ಕೇಳಿ ಕೆಟ್ಟೆ ಅನ್ನು. ನನಗೇನೂ ಬೇಜಾರಿಲ್ಲ.

ನಿನ್ನ ಮನೆಯಾಕೆಗೆ ಅಣ್ಣ ಕೇಳಿದನೆಂದು ಹೇಳು. ನಿನ್ನ ಕೈಕಾಲು ಗಟ್ಟಿಯಾಗಿರಲಿ, ಇನ್ನೂ ನೂರು ಮನೆಗೆ ಬಣ್ಣ ಬಳಿಯುವಂತಾಗಲಿ.

ಇಂತಿ ನಿನ್ನ,
ಇನ್ನೊಬ್ಬ ಡುಮ್ಮ

ತಾ.ಕ.: ಡಿಸೆಂಬರಿನಲ್ಲಿ ನೀನು ಬರೆದಿದ್ದೆ, "ಕಾಲಿಂದ ಚಪ್ಪಲಿ ಕಳಚಿಕೊಂಡ್ರೂ ಗೊತ್ತಾಗ್ತಿಲ್ಲ ಕಣೋ, ನಿನಗೂ ಹೀಗಾಗಿತ್ತಾ?" ಎಂದು. ನಾನು ಕಾರ್ಡಿನಲ್ಲಿ ಒಂದೇ ಸಾಲು ಗೀಚಿದೆ: "ವಯಸ್ಸಾಯ್ತು ಬಿಡೋ, ನನಗೇನೂ ಆಗಿಲ್ಲ." ನಿನ್ನೆದುರು ತಪ್ಪೊಪ್ಪಿಕೊಳ್ಳಲು ನಾಚಿಕೆಯಾಗಿತ್ತು. ಆ ಸಾಲು ಬರೆಯುವಾಗ, ಅದೇ ಬೆಳಿಗ್ಗೆ ಈ ಜೋಮಿಗೆಂದು ಬಿ-12ರ ಮೊದಲ ಇಂಜೆಕ್ಷನ್ ಚುಚ್ಚಿಸಿಕೊಂಡ ನನ್ನ ತೋಳು ಇನ್ನೂ ನೋಯುತ್ತಿತ್ತು.