ಎಲ್ಲ ಸೇರಿ ಮಾಡಿದ ತೀರ್ಮಾನ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನೀನು ಅಷ್ಟು ಸಲ ಬರೆದರೂ ಉತ್ತರ ಹಾಕಲಿಲ್ಲ, ಕೋಪ ಬೇಡ. ನಿನ್ನ ಸೊಂಟ ನೋವು ಹೇಗಿದೆ? ಕೊಡ ಹೊತ್ತು ಹೊತ್ತು ನನ್ನ ಸೊಂಟವಂತೂ ನನ್ನ ಮಾತೇ ಕೇಳುತ್ತಿಲ್ಲ.

ನಮ್ಮೂರಿನ ನಲ್ಲಿ ಕೆಲಸ ಪರಿಶೀಲಿಸಲು ಮೊನ್ನೆ ಪಟ್ಟಣದಿಂದ ಒಬ್ಬರು ಮೇಡಂ ಬಂದಿದ್ದರು. ಬಡವರ ಬೀದಿಗೂ ನೀರು ಬಂದಿದೆಯೇ, ತೀರ್ಮಾನ ಮಾಡುವಾಗ ಅವರನ್ನೂ ಕೇಳಿದ್ದಾರೆಯೇ ಎಂದು ನೋಡುವುದು ಅವರ ಕೆಲಸ. ಅವರು ಸರಿ ಎಂದುಬಿಟ್ಟರೆ ಕಾಮಗಾರಿ ಮುಗಿದ ಹಾಗೆ. ನಮ್ಮ ಕೆಳಗಿನ ಬೀದಿಗೆ ನಲ್ಲಿ ಬರುವ ಆಸೆ ಬಿಡಬೇಕು. ನೀರು ಸಮಿತಿಯ ಅಧ್ಯಕ್ಷರು ಗೊತ್ತಲ್ಲ, ನಮ್ಮ ಯಜಮಾನರ ಅಣ್ಣ, ನನ್ನ ಭಾವ. ಏನು ಕೇಳಿದರೂ "ಎಲ್ಲ ಸೇರಿ ತೀರ್ಮಾನ ಮಾಡಿದ್ವಿ" ಅನ್ನಬೇಕೆಂದು ವಾರವೆಲ್ಲ ಹೇಳಿಕೊಟ್ಟಿದ್ದರು. ಮೇಡಂ ಮೂಲೆಮನೆ ಅಜ್ಜಿಯನ್ನು "ಊಟ ಆಯ್ತಾ?" ಎಂದು ಕೇಳಿದರೆ ಅವಳು ಅದಕ್ಕೂ "ಎಲ್ಲ ಸೇರಿ ತೀರ್ಮಾನ ಮಾಡಿದ್ವಿ" ಅಂದುಬಿಟ್ಟಳು. ನಾನು ತುಟಿ ಕಚ್ಚಿಕೊಂಡೆ.

ಆಮೇಲೆ, ಶಾಲೆಯ ಅಂಗಳದಲ್ಲಿ ಊರಿನ ನಕ್ಷೆ ಬರೆದು ನಲ್ಲಿ ಇರುವ ಕಡೆಯೆಲ್ಲ ಕಲ್ಲಿಡಿ ಎಂದರು ಮೇಡಂ. ಸುಣ್ಣದ ಪುಡಿ, ಕಲ್ಲು ಎರಡೂ ನನ್ನ ಕೈಗೆ ಬಂದವು. ನಮ್ಮ ಬೀದಿಗೂ ಕಲ್ಲಿಡು ಎಂದು ಭಾವ ಕಣ್ಣಲ್ಲೇ ಹೇಳಿದರು. ನಾನು ಇಡಲಿಲ್ಲ ಅಕ್ಕ.

"ಇಲ್ಲಿ ನಲ್ಲಿ ಇಲ್ವಾ?" ಎಂದರು ಮೇಡಂ.

"ಇಲ್ಲ. ಹಳ್ಳದಿಂದ ಹೊರ್ತೀವಿ. ಮೀಟಿಂಗಿಗೆ ಕರೀತಾರೆ, ಚಾಪೆ ಹಾಸ್ತೀವಿ, ಕೈ ಎತ್ತಿ ಅಂದಾಗ ಎತ್ತಿ ಬರ್ತೀವಿ."

ಭಾವ ನಗುತ್ತಲೇ ಎದ್ದರು. "ಪಾಪ, ಏನೋ ತಪ್ಪು ತಿಳ್ಕೊಂಡಿದಾಳೆ. ಇವಳು ಹೇಳಿದ್ದು ಸುಳ್ಳು ಅನ್ನೋರು ಕೈ ಎತ್ತಿ."

ಎಲ್ಲರೂ ಎತ್ತಿದರು, ನನ್ನ ಜೊತೆ ಕೊಡ ಹೊರುವವರೂ. ಅವರನ್ನು ಬೈಯಲಾರೆ, ಕೂಲಿಗೆ ಕರೆಯುವುದೂ ಭಾವನೇ. "ಬೀದಿಗೆ ಬಂದು ನೋಡಿ" ಎಂದು ಮೇಡಂ ಅವರನ್ನು ಬೇಡಿಕೊಂಡೆ. ಕತ್ತಲಾಗುತ್ತೆ, ಜೀಪು ಹೊರಡಬೇಕು ಎಂದರು. ಹೋಗುವಾಗ ನನ್ನ ಬೆನ್ನು ತಟ್ಟಿ, "ಹೆಂಗಸರು ಇಷ್ಟು ಧೈರ್ಯವಾಗಿ ಮಾತಾಡೋ ಊರು ಕಮ್ಮಿ. ಇಲ್ಲಿ ಜನರ ಸಹಭಾಗಿತ್ವ ತುಂಬ ಚೆನ್ನಾಗಿದೆ ಅಂತ ಬರೀತೀನಿ" ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು.

ಸ್ವಲ್ಪ ದಿನ ನಿನ್ನ ಹತ್ತಿರ ಬಂದು ಇರಲೇ? ಮಕ್ಕಳಿಗೆ ನನ್ನ ಆಶೀರ್ವಾದ. ಯಾರೂ ಹೇಳಿಕೊಡದ ಮಾತನ್ನು ಆಡುವ ಹಾಗೆ ಬೆಳೆಯಲಿ.

ನಿನ್ನ
ಪುಟ್ಟಿ

ಇನ್ನೊಂದು ಮಾತು, ಮೇಲೆ ಬರೆಯಲು ಕೈ ಬರಲಿಲ್ಲ. ಅಂಗಳದಲ್ಲಿ ಮೊದಲು ಎದ್ದ ಕೈ ಇವರದು. "ಒಡಹುಟ್ಟಿದ ಅಣ್ಣ, ಏನ್ ಮಾಡ್ಲಿ?" ಎನ್ನುತ್ತಾರೆ. ಈಗ ಊಟಕ್ಕೆ ಕೂತು ನೀರು ಕೇಳಿದರು. ನಾನು ಏಳಲಿಲ್ಲ. "ನಮ್ಮ ಬೀದೀಲಿ ನಲ್ಲಿ ಇದ್ಯಲ್ಲ, ಹೋಗಿ ಹಿಡ್ಕೊಂಡು ಬನ್ನಿ" ಎಂದೆ.